ಆಲ್ಬಟ್ರಾಸ್ ವಿಮಾನದ ಕೆಳಗಿನ ರೆಕ್ಕಿ ಸಣ್ಣದೋ ದೊಡ್ಡದೋ? ಸಾಲಿ ಪ್ರದರ್ಶನಕ್ಕ ಮಾಡೆಲ್ ಮಾಡಾಕತ್ತೀವಿ

ಸಾಂಬ್ರಾ_ಹಾದಿ (ಬೆಳಗಾವಿ):

ಎಲ್ಲಾರಿಗೂ ನಮಸ್ಕಾರ ರೀ. ನಮ್ಮ ಮನಿ ಸಾಂಬ್ರಾ ಕಡೆ, ದಿನಾ ತಲಿ ಮ್ಯಾಲ ವಿಮಾನ ಹಾರತಾವು, ಹಂಗಾಗಿ ನಮ್ಮ ಅಕ್ಕನ ಮಗಗ ಸಣ್ಣಂವ ಇದ್ದಾಗಿಂದ ವಿಮಾನದ ಹುಚ್ಚು. ಈಗ ಒಂಬತ್ತನೇತ್ತಾ ಅದಾನ, ಸಾಲ್ಯಾಗ ವಿಜ್ಞಾನ ಪ್ರದರ್ಶನ ಐತಿ, ಮೊದಲನೇ ಮಹಾಯುದ್ಧದಾಗ ಜರ್ಮನಿಯವರು ಹಾರಿಸಿದ ಆಲ್ಬಟ್ರಾಸ್ ಫೈಟರ್ ಮಾಡೆಲ್ ಮಾಡೂಣು ಮಾಮಾ ಅಂತ ಹಠಾ ಹಿಡದು ಕುಂತಾನ. ಕಟಗಿ, ಪ್ಲೈ, ಫೆವಿಕಾಲ್ ಎಲ್ಲಾ ತಂದೀವಿ, ಆದ್ರ ಶುರು ಮಾಡೂಕಿಂತ ಮೊದಲ ತಲಿ ಕೆಟ್ಟೈತಿ ಯಾಕಂದ್ರ ಒಂದು ಫೋಟೋದಾಗ ಮ್ಯಾಲಿನ ರೆಕ್ಕಿ ಕೆಳಗಿನ ರೆಕ್ಕಿ ಹೆಚ್ಚೂಕಡಿಮಿ ಸಮಾ ಅದಾವು, ನಡುವಿನ ಕಂಬ ಸೀದಾ ಜೋಡಿ ನಿಂತಾವು, ಇನ್ನೊಂದು ಫೋಟೋದಾಗ ಕೆಳಗಿನ ರೆಕ್ಕಿ ಪೂರಾ ಸಪೂರ, ಕಂಬ ಇಂಗ್ಲಿಷ್ ವಿ ಅಕ್ಷರದಂಗ ಅದಾವು, ಎರಡಕ್ಕೂ ಆಲ್ಬಟ್ರಾಸ್ ಅಂತನ ಬರದಾರ. ಮತ್ತ ಡಿ-3 ಅಂತ ಒಂದ ಕಡೆ ವಿಮಾನಕ್ಕ ಬರದಾರ, ಇನ್ನೊಂದ ಕಡೆ ಇಂಜಿನ್‌ಗ ಬರದಾರ. ಇದರಾಗ ಯಾವುದು ಖರೆ? ಇನ್ನೊಂದು, ಹುಡುಗ ಕೇಳಿದ್ದು ನನಗ ಉತ್ತರ ಹೇಳಾಕ ಬರಲಿಲ್ಲ, "ಕಟಗಿ ವಿಮಾನ ಅಂದ್ರ ಬಾಕಿಯವರದೂ ಕಟಗೀನ ಇತ್ತಲ್ಲ ಮಾಮಾ, ಇದರದ್ದ ಯಾಕಿಷ್ಟು ಹೆಸರು?" ತಿಳದವರು ಸ್ವಲ್ಪ ಬಿಡಿಸಿ ಹೇಳ್ರಿ. ಪ್ರದರ್ಶನದಾಗ ಮೇಷ್ಟ್ರು ಪ್ರಶ್ನಿ ಕೇಳಿದ್ರ ಅಂವ ನಿಂತು ಉತ್ತರ ಕೊಡಬೇಕು, ಅದಕ್ಕ.

ಗೋಳಗುಮ್ಮಟ_ಓಣಿ (ವಿಜಯಪುರ):

ತಮ್ಮಾ, ಎರಡೂ ಖರೆ. ಆಲ್ಬಟ್ರಾಸ್ ಅನ್ನೂದು ಕಂಪನಿ ಹೆಸರು, ಬರ್ಲಿನ್ ಹತ್ತಿರ ಯೋಹಾನಿಸ್ತಾಲ್ ಅನ್ನೂ ಜಾಗಾದಾಗ ಅವರ ಕಾರ್ಖಾನಿ ಇತ್ತು. ಡಿ ಅಂದ್ರ ಜರ್ಮನ್ ಸೈನ್ಯದ ಲೆಕ್ಕದಾಗ ಒಬ್ಬನ ಕೂಡೂ ಎರಡು ರೆಕ್ಕಿ ಫೈಟರ್. ಒಂದ ರೆಕ್ಕಿ ಇದ್ರ ಇ, ಮೂರು ಇದ್ರ ಡಿಆರ್. ನೀವು ನೋಡಿದ ಸಮಾ ರೆಕ್ಕಿದು ಡಿ-1 ಇಲ್ಲಾ ಡಿ-2, ವಿ ಕಂಬದ್ದು ಡಿ-3 ಅಥವಾ ಅದರ ಮುಂದಿನ ಡಿ-5. ಇಂಜಿನ್‌ದು ಬ್ಯಾರೆ ಲೆಕ್ಕ ಐತಿ, ಮರ್ಸಿಡಿಸ್ ಇಂಜಿನ್ ಮಾಡಿದ್ದು ಡೈಮ್ಲರ್ ಕಂಪನಿ, ಆ ಡೈಮ್ಲರ್‌ದ ಡಿ ಅದು, ಅದರ ಮುಂದಿನ 3 ಅನ್ನೂ ಅಂಕಿ ಇಂಜಿನ್ ಶಕ್ತಿ ಯಾವ ದರ್ಜೆದು ಅಂತ ಹೇಳ್ತೈತಿ. ಹಿಂಗಾಗಿ ಡಿ-1 ವಿಮಾನದಾಗ ಡಿ-3 ಇಂಜಿನ್ ಕುಂತಿರತೈತಿ, ಗಾಬರಿ ಆಗಬ್ಯಾಡ್ರಿ.

ಹೆಸರು ಯಾಕ ಬಂತು ಅನ್ನೂದಕ್ಕ 1916 ರ ಪರಿಸ್ಥಿತಿ ನೋಡಬೇಕ್ರಿ. 1915 ರಾಗ ಜರ್ಮನಿಯವರ ಫಾಕರ್ ಅನ್ನೂ ಒಂಟಿ ರೆಕ್ಕಿ ವಿಮಾನ ಆಕಾಶದಾಗ ರಾಜ್ಯಾ ಆಳಿತ್ತು, ಯಾಕಂದ್ರ ಪ್ರೊಪೆಲ್ಲರ್ ತಿರುಗೂ ನಡುವಿಂದ ಗುಂಡು ಹಾರಿಸೂ ವ್ಯವಸ್ಥಾ ಅದರಾಗ ಕೂಡಿಸಿದ್ರು. ಆದ್ರ 1916 ರ ಹೊತ್ತಿಗೆ ಬ್ರಿಟಿಷರ ಡಿಎಚ್-2, ಫ್ರೆಂಚರ ನ್ಯೂಪೋರ್ ಬಂದು ಆ ಫಾಕರ್‌ಗೆ ಉಳಿಗಾಲ ಇಲ್ದಂಗ ಮಾಡಿದ್ವು. ಜೂನ್ 18ಕ್ಕ ಜರ್ಮನಿಯ ದೊಡ್ಡ ಪೈಲಟ್ ಇಮ್ಮೆಲ್‌ಮನ್ ಸತ್ತ, ಜುಲೈ 1ಕ್ಕ ಫ್ರಾನ್ಸಿನ ಸೋಮ್ ಯುದ್ಧ ಚಾಲೂ ಆತು, ನೆಲದ ಮ್ಯಾಲಿನ ಜರ್ಮನ್ ಸಿಪಾಯಿಗಳು ತಲಿ ಎತ್ತಿ ನೋಡಿದ್ರ ಬರೇ ವೈರಿ ವಿಮಾನ. ಹೊಸಾದು ಏನರೆ ಬರಬೇಕಿತ್ತು.

ಮೊದಲು ಬಂದದ್ದು ಆಲ್ಬಟ್ರಾಸ್ ಅಲ್ರಿ, ಇದನ್ನ ಭಾಳ ಮಂದಿ ಬಿಟ್ಟುಬಿಡ್ತಾರ. ಹಾಲ್ಬರ್‌ಸ್ಟಾಟ್ ಡಿ-2 ಅಂತ ಒಂದು ಬಂತು, ಕಾರ್ಲ್ ಥೈಸ್ ಅನ್ನಾಂವ ಮಾಡಿದ ಡಿಸೈನು, 120 ಎಚ್‌ಪಿ ಮರ್ಸಿಡಿಸ್, ಒಂದ ಗನ್ನು. ನೋಡಾಕ ಕಡ್ಡಿ ಕಡ್ಡಿ, ಬಾಲದಾಗ ಗಟ್ಟಿ ಕೂಡಿಸಿದ ಫಿನ್ನೂ ಇಲ್ಲ, ಇಡೀ ಬಾಲನ ಹೊರಳೂದು, ಆದ್ರ ಡೈವ್ ಹೊಡದ್ರ, ಅಂದ್ರ ಮೂತಿ ಕೆಳಗ ಮಾಡಿ ಜೋರಾಗಿ ಇಳದ್ರ, ಮುರೀತಿರಲಿಲ್ಲ, ಅದಕ್ಕ ಪೈಲಟ್‌ಗಳು ಅದರ ಮ್ಯಾಲ ಜೀವಾ ಇಟ್ಟಿದ್ರು. ಅದರ ಕೊರತಿ ಅಂದ್ರ ಸ್ಪೀಡ್ ಮತ್ತ ಒಂಟಿ ಗನ್ನು.

ಆಮ್ಯಾಲ ಬಂತು ನಿಮ್ಮ ಆಲ್ಬಟ್ರಾಸ್. ರಾಬರ್ಟ್ ಥೇಲೆನ್ ಅವರ ತಂಡ ಮಾಡಿದ್ದು, 1916 ಜೂನ್‌ದಾಗ ಆರ್ಡರ್, ಆಗಸ್ಟ್ ಸುಮಾರಿಗೆ ಸೈನ್ಯಕ್ಕ ಬರಾಕ ಶುರು. 160 ಎಚ್‌ಪಿ ಆರು ಸಿಲಿಂಡರ್ ಮರ್ಸಿಡಿಸ್, ಎರಡು ಮಷಿನ್ ಗನ್, ತಾಸಿಗೆ 175 ಕಿಲೋಮೀಟರ್. ಎದುರಿನ ಡಿಎಚ್-2 ಗೆ 100 ಎಚ್‌ಪಿ ಇಂಜಿನ್, ಒಂದ ಲೂಯಿಸ್ ಗನ್, 47 ಗುಂಡಿನ ಡ್ರಮ್ ಮುಗದ್ರ ಪೈಲಟ್ ಗಾಳ್ಯಾಗ ಕೈ ಚಾಚಿ ಡ್ರಮ್ ಬದಲಿ ಮಾಡಬೇಕು. ಆಲ್ಬಟ್ರಾಸ್‌ದಾಗ ಗುಂಡಿನ ಬೆಲ್ಟು, ಎರಡು ಗನ್ನು, ಒಂದು ಜಾಮ್ ಆದ್ರೂ ಇನ್ನೊಂದು ಐತಿ. ಲೆಕ್ಕಾ ನೀವ ಹಾಕ್ರಿ.

ಸೆಪ್ಟೆಂಬರ್ 16ಕ್ಕ ಜರ್ಮನ್ ಪೈಲಟ್ ಓಸ್ವಾಲ್ಟ್ ಬೋಲ್ಕೆ ಅವರ ಯಾಸ್ಟಾ-2 ಅನ್ನೂ ಫೈಟರ್ ತಂಡಕ್ಕ ಹೊಸಾ ಆಲ್ಬಟ್ರಾಸ್ ಬಂದು ಮುಟ್ಟಿದ್ವು, ಮರದಿನಾನ ಹುಡುಗರನ್ನ ಕರಕೊಂಡು ಹೋದ್ರು, ಆ ದಿನ ರಿಚ್ತೋಫೆನ್ ಅನ್ನೂ ಹೊಸಾ ಹುಡುಗ ತನ್ನ ಮೊದಲನೇ ವಿಮಾನ ಕೆಡವಿದ. ಮುಂದ ರೆಡ್ ಬ್ಯಾರನ್ ಅಂತ ಜಗತ್ತಿಗೆ ಗೊತ್ತಾದಾಂವ ಇಂವನ. ಮಂದಿ ಅವನ ಹೆಸರು ಬಂದ್ರ ಮೂರು ರೆಕ್ಕಿ ಕೆಂಪು ವಿಮಾನ ನೆನಸ್ತಾರ, ಆದ್ರ ಅವನ 80 ಗೆಲುವಿನಾಗ ಹೆಚ್ಚಿನವು ಆಲ್ಬಟ್ರಾಸ್ ಮ್ಯಾಲ ಆದಂಥಾವು. ಬೋಲ್ಕೆ ಮಾತ್ರ ಭಾಳ ದಿನ ಉಳೀಲಿಲ್ಲ. ಅಕ್ಟೋಬರ್ 28ಕ್ಕ ಡಿಎಚ್-2 ಗಳ ಜೋಡಿ ಕಾದಾಡು ಮುಂದ ತನ್ನ ಗೆಳ್ಯಾ ಬ್ಯೋಮೆ ವಿಮಾನದ ಗಾಲಿ ಇವರ ಮ್ಯಾಲಿನ ರೆಕ್ಕಿಗೆ ತಾಗಿತು, ರೆಕ್ಕಿ ಕಿತ್ತು ಹೋತು. ವೈರಿ ಗುಂಡಿಗೆ ಅಲ್ಲ, ಸ್ವಂತ ಗೆಳ್ಯಾನ ಗಾಲಿಗೆ. 40 ಗೆಲುವು ಇದ್ವು ಆವಾಗ ಅವರ ಹೆಸರಿಗೆ, ವಯಸ್ಸು ಬರೇ 25. ಇದನ್ನ ಓದಿದಾಗೆಲ್ಲಾ ನನಗ ಬ್ಯೋಮೆದ ಸಂಕಟಾನ ಹೆಚ್ಚು ಅನಿಸ್ತೈತಿ.

ಬಡಗಿ_ಮನಿ (ಬಾಗಲಕೋಟಿ, ನವನಗರ):

ವಿಜಯಪುರದ ಸರ್ರು ಇಂಜಿನ್ನು ಗನ್ನು ಎಲ್ಲಾ ಚೊಲೋ ಹೇಳ್ಯಾರ, ಆದ್ರ ಹುಡುಗ ಕೇಳಿದ್ದು ಕಟಗಿ ಬಗ್ಗೆ, ಆ ಉತ್ತರ ಇನ್ನೂ ಬರಲಿಲ್ಲ, ನಾ ಹೇಳ್ತೀನಿ, ನಮ್ಮದು ಮೂರು ತಲಿಮಾರಿನ ಬಡಗತನ.

ಬಾಕಿ ವಿಮಾನದ ಮೈ ಹೆಂಗಿತ್ತಂದ್ರ ನಮ್ಮ ಹೊರಸು ಇದ್ದಂಗ. ನಾಕು ಕಟಗಿ ಚೌಕಟ್ಟು, ನಡುವ ತಂತಿ ಬಿಗದು, ಮ್ಯಾಲ ಅರಬಿ ಹೊದಸಿದ್ದು. ಭಾರ ಹೊರೂದು ಚೌಕಟ್ಟು ಮತ್ತ ತಂತಿ, ಅರಬಿ ಬರೇ ಗಾಳಿ ತಡಿಯಾಕ. ಹೊರಸಿನ ಹಗ್ಗ ಸಡ್ಲಾದ್ರ ಹೆಂಗ ಕಾಲು ವಾರಿ ಆಗ್ತಾವು, ಹಂಗ ತಂತಿ ಸಡ್ಲಾದ್ರ ವಿಮಾನದ ಮೈ ಸೊಟ್ಟ ಆಗ್ತಿತ್ತು, ಮತ್ತ ಮತ್ತ ಬಿಗೀಬೇಕು. ಆಲ್ಬಟ್ರಾಸ್‌ನವರು ಆ ತಂತೀನ ತಗದು ಒಗದ್ರು. ಉದ್ದನ ಪಟ್ಟಿ ಮತ್ತ ಅಡ್ಡ ಫ್ರೇಮು ನಿಲ್ಲಿಸಿ ಅದಕ್ಕ ತೆಳ್ಳನ ಪ್ಲೈವುಡ್ ಹಾಳಿ ಅಂಟಿಸಿ ಮೊಳಿ, ಸ್ಕ್ರೂ ಹೊಡದ್ರು. ಈಗ ಹೊರಗಿನ ತೊಗಲನ ಭಾರ ಹೊರತೈತಿ, ಒಳಗ ಅಡ್ಡ ತಂತಿ ಒಂದೂ ಇಲ್ಲ. ಹೊರಸು ಹೋಗಿ ಟ್ರಂಕ್ ಆತು ಅನ್ಕೋರಿ. ಟ್ರಂಕ್‌ನ ಮೂಲಿ ಹಿಡದು ತಿರುವಿದ್ರ ಅದು ತಿರುವೂದಿಲ್ಲ. ಹಗರೂ ಆತು, ಗಟ್ಟೀನೂ ಆತು, ಮೈ ಮೀನಿನಂಗ ನುಣ್ಣಗ ಆತು, ಗಾಳಿ ಸರಾಗ ಹರೀತು. ಎರಡು ಗನ್ನು ಹೊರಾಕ ತಾಕತ್ತು ಇಂಜಿನ್‌ದಿಂದ ಅಷ್ಟ ಬಂದಿಲ್ಲ, ಈ ಮೈಯಿಂದನೂ ಬಂದೈತಿ, ಇದು ನನ್ನ ಅಭಿಪ್ರಾಯ.

ನಿಮ್ಮ ಪ್ರಶ್ನಿ ಓದಿದ ಮ್ಯಾಲ ನಿನ್ನೆ ಸಂಜಿಕ ಅಂಗಡ್ಯಾಗ ಒಂದು ತುಂಡು ತೆಳು ಪ್ಲೈ ತಗೊಂಡು ನೋಡಿದೆ. ಬಿಸಿ ನೀರಾಗ ಹತ್ತು ನಿಮಿಷ ನೆನಿಸಿ, ಪೈಪಿನ ಮ್ಯಾಲ ಬಾಗಿಸಿದೆ. ಮ್ಯಾಲಿನ ನಾರು ಪೈಪಿನ ಉದ್ದಕ್ಕ ಬರೂ ಹಂಗ ಇಟ್ರ ರೊಟ್ಟಿ ಮಡಚಿದಂಗ ಬಾಗಿತು, ನಾರು ಅಡ್ಡ ಇಟ್ಟೆ, ಚಟ್ ಅಂತ ಸೀಳಿತು. ನಿಮ್ಮ ಹುಡುಗಗ ಇದನ್ನ ಕೈಯಾಗ ಮಾಡಿ ತೋರಸ್ರಿ. ಸೀಳಿದ ತುಂಡನ್ನೂ ಬಿಸಾಕಬ್ಯಾಡ್ರಿ, ಪ್ರದರ್ಶನದ ಟೇಬಲ್ ಮ್ಯಾಲ ಎರಡೂ ಜೋಡಿ ಇಡ್ರಿ, ನಾರು ಯಾವ ಕಡೆ ಅಂತ ಪೆನ್ಸಿಲ್‌ಲೆ ಬಾಣ ಹಾಕ್ರಿ. ಮತ್ತ ಒಂದು ಮಾತು, ಪ್ಲೈ ತರೂವಾಗ ಅಂಚು ನೋಡಿ ತರ್ರಿ. ಹೋದ ವರ್ಷ ಒಂದು ಅಂಗಡ್ಯಾಗ ತಂದ ಪ್ಲೈ ನೀರು ತಾಗಿದ ಕೂಡ್ಲೆ ಪದರ ಪದರ ಬಿಚ್ಚಿತು, ಒಂದು ಕಪಾಟಿನ ಕೆಲಸ ಪೂರಾ ಹಾಳಾತು ನನಗ.

ಸಾಂಬ್ರಾ_ಹಾದಿ:

ಕಾಕಾರ, ಭಾಳ ಉಪಕಾರ ಆತ್ರಿ. ಹೊರಸು ಟ್ರಂಕ್ ಅಂದ ಕೂಡ್ಲೆ ಹುಡುಗಗ ತಟ್ಟನ ತಿಳೀತು, ಮನ್ಯಾಗಿನ ಅಜ್ಜಿ ಟ್ರಂಕ್ ತಿರುವಿ ನೋಡಾಕ ಹೋಗಿದ್ದ. ಪ್ಲೈ ನಾವೂ ಬಾಗಿಸಿ ನೋಡಿದ್ವಿ, ಮೊದಲನೇದು ಸೀಳಿತು, ಎರಡನೇದು ಬಂತು.

ಈಗ ಎರಡು ಅನುಮಾನ ಉಳದಾವು. ಪ್ರೊಪೆಲ್ಲರ್ ನಡುವಿಂದ ಗುಂಡು ಹಾರಸ್ತಾರಂತ ಸರ್ರು ಅಂದ್ರು, ಅದು ಪ್ರೊಪೆಲ್ಲರ್‌ಗ ಬಡಿಯೂದಿಲ್ಲೇನು? ಮತ್ತ ಡಿ-1, ಡಿ-2 ಇಷ್ಟು ಚೊಲೋ ಇದ್ರ ಡಿ-3 ಕ್ಕ ರೆಕ್ಕಿ ಯಾಕ ಬದಲಿ ಮಾಡಿದ್ರು?

ಟಿಳಕವಾಡಿ_ಅಕ್ಕ (ಬೆಳಗಾವಿ):

ನಾನು ಮೆಕ್ಯಾನಿಕಲ್ ಓದಿದಾಕಿ, ಈಗ ಹುಡುಗರಿಗೆ ಪಾಠ ಹೇಳ್ತೀನಿ, ಎರಡಕ್ಕೂ ಉತ್ತರ ಹೇಳಾಕ ನೋಡ್ತೀನಿ.

ಮೊದಲನೇದು ಸಸಾರ ಐತಿ. ಆ ಮರ್ಸಿಡಿಸ್ ನಿಮಿಷಕ್ಕ ಸುಮಾರು 1400 ಸುತ್ತು ತಿರುಗ್ತಿತ್ತು, ಪ್ರೊಪೆಲ್ಲರ್ ಸೀದಾ ಇಂಜಿನ್ ಶಾಫ್ಟಿಗೇ ಕೂಡಿಸಿದ್ದು, ಎರಡು ಅಲಗು. ಅಂದ್ರ ಗನ್ನಿನ ಬಾಯಿ ಮುಂದ ನಿಮಿಷಕ್ಕ 2800 ಸಲ, ಸೆಕೆಂಡಿಗೆ ಹತ್ತತ್ರ 47 ಸಲ ಅಲಗು ಹಾಯ್ತೈತಿ. ಇದನ್ನ ಮನುಷ್ಯಾ ನೋಡಿ ಗುಂಡು ಹಾರಸಾಕ ಆಗೂದ ಇಲ್ಲ. ಹಂಗಾಗಿ ಗುಂಡು ಹಾರಿಸೂ ಕೆಲಸಾನ ಇಂಜಿನ್ನಿಗೆ ಕೊಟ್ರು. ಇಂಜಿನ್ ಕೂಡ ತಿರುಗೂ ಒಂದು ಕ್ಯಾಮ್, ಅಂದ್ರ ಉಬ್ಬು ಇರೂ ಚಕ್ರ, ಇರತೈತಿ, ಅಲಗು ದಾಟಿ ಹೋದ ಘಳಿಗ್ಯಾಗ ಅದು ಗನ್ನಿನ ಟ್ರಿಗರ್ ತಟ್ಟತೈತಿ. ಪೈಲಟ್ ಬಟನ್ ಒತ್ತಿದ್ರ "ಹೂಂ, ಈಗ ಹಾರಿಸು" ಅಂತ ಪರವಾನಗಿ ಕೊಟ್ಟಂಗ, ಅಷ್ಟ. ಮಾಡೆಲ್‌ದಾಗ ಪ್ರೊಪೆಲ್ಲರ್ ಹಿಂದ ಒಂದು ರಟ್ಟಿನ ಚಕ್ರಕ್ಕ ಎರಡು ಉಬ್ಬು ಅಂಟಿಸಿ ಒಂದು ಕಡ್ಡಿ ತಟ್ಟೂ ಹಂಗ ಮಾಡ್ರಿ, ಕೈಲೆ ತಿರುವಿದ್ರ ಎಲ್ಲಾರಿಗೂ ಕಾಣ್ತೈತಿ.

ಎರಡನೇದು ದೊಡ್ಡ ಕಥಿ. ಪೈಲಟ್‌ಗಳ ದೂರು ಏನಂದ್ರ ಡಿ-1 ರಾಗ ಮ್ಯಾಲಿನ ರೆಕ್ಕಿ ಮತ್ತ ಅದನ್ನ ಹಿಡದ ಕಂಬ ಕಣ್ಣಿಗೆ ಅಡ್ಡ ಬರ್ತಾವು, ಮುಂದ ಮ್ಯಾಲ ಕಾಣೂದಿಲ್ಲ. ಅದಕ್ಕ ಡಿ-2 ರಾಗ ಮ್ಯಾಲಿನ ರೆಕ್ಕಿ ಕೆಳಗಿಳಿಸಿ ಆ ಕಂಬಾನೂ ಅಗಲಕ್ಕ ಸರಸಿದ್ರು. ಇದು ಚೊಲೋ ಕೆಲಸ, ಇದೇ ಡಿ-2 ಮ್ಯಾಲ ರಿಚ್ತೋಫೆನ್ ನವೆಂಬರ್ 23ಕ್ಕ ಬ್ರಿಟಿಷರ ದೊಡ್ಡ ಪೈಲಟ್ ಲಾನೋ ಹಾಕರ್‌ನ ಡಿಎಚ್-2 ಕೆಡವಿದ. ಆದ್ರ ಅಷ್ಟೊತ್ತಿಗೆ ಜರ್ಮನ್ ಸೈನ್ಯದವರ ಕಣ್ಣು ಫ್ರೆಂಚರ ನ್ಯೂಪೋರ್ ಮ್ಯಾಲ ಬಿದ್ದಿತ್ತು. ಅದರ ಕೆಳಗಿನ ರೆಕ್ಕಿ ಸಪೂರ, ಪೈಲಟ್‌ಗೆ ಕೆಳಗ ನೆಲ ಚಂದ ಕಾಣ್ತಿತ್ತು, ಮ್ಯಾಲ ಏರೂದೂ ಜೋರು. ನಮಗೂ ಹಂಗ ಬೇಕು ಅಂದ್ರು, ಆಲ್ಬಟ್ರಾಸ್‌ನವರು ಡಿ-2 ದ ಮೈಗೆ ನ್ಯೂಪೋರ್ ನಮೂನಿ ರೆಕ್ಕಿ ಕೂಡಿಸಿದ್ರು. ಅದ ಡಿ-3.

ಇಲ್ಲೇ ತಪ್ಪಾತು. ನ್ಯೂಪೋರ್ ಅನ್ನೂದು ಪುಟ್ಟ ಹಗರ ವಿಮಾನ, ಆಲ್ಬಟ್ರಾಸ್ ಭಾರದ್ದು, ಜೋರಿಂದು. ಸಪೂರ ರೆಕ್ಕಿ ಒಳಗ ಎರಡು ಸ್ಪಾರ್, ಅಂದ್ರ ರೆಕ್ಕಿ ಉದ್ದಕ್ಕ ಹೋಗೂ ಮುಖ್ಯ ತೊಲಿ, ಕೂಡಿಸಾಕ ಜಾಗಾ ಇರೂದಿಲ್ಲ, ಒಂದ ಹಾಕಬೇಕು, ಅದೂ ಇದರಾಗ ಭಾಳ ಹಿಂದ ಬಿತ್ತು. ಒಂದು ಪ್ಲಾಸ್ಟಿಕ್ ಸ್ಕೇಲ್ ತಗೊಂಡು ಒಂದು ತುದಿ ಎರಡು ಬಟ್ಟಿಲೆ ಹಿಡದು ಬೈಕ್ ಹಿಂದ ಕುಂತು ಗಾಳಿಗೆ ಚಾಚಿ ನೋಡ್ರಿ, ನಾನು ಹುಡುಗರಿಗೆ ಹಿಂಗ ತೋರಸ್ತೀನಿ. ನಿಧಾನ ಇದ್ದಾಗ ಸುಮ್ಮನಿರತೈತಿ, ಸ್ಪೀಡ್ ಏರಿದಂಗ ಅಂಚು ತಿರುವಾಕ ಶುರು ಮಾಡಿ ಪಟಪಟ ಬಡಕೊಳ್ತೈತಿ. ಡಿ-3 ಡೈವ್ ಹೊಡದಾಗ ಕೆಳಗಿನ ರೆಕ್ಕಿಗೆ ಆಗಿದ್ದು ಇದ. ವಿ ಕಂಬದ ಕೆಳಗಿನ ತುದಿ ಒಂದ ಬಿಂದುದಾಗ ಹಿಡದೈತಿ, ರೆಕ್ಕಿ ತಿರುವೂದನ್ನ ಅದು ತಡಿಯೂದಿಲ್ಲ.

1917 ಜನವರಿ 24ಕ್ಕ ರಿಚ್ತೋಫೆನ್ ಅವರ ವಿಮಾನದ ಕೆಳಗಿನ ರೆಕ್ಕಿನ ಗಾಳ್ಯಾಗ ಸೀಳಿತು, ಹೆಂಗೋ ಇಳಿಸಿ ಬದಕಿದ್ರು. ಮೂರು ದಿನಕ್ಕ, 27ಕ್ಕ, ಡಿ-3 ಒಂದೂ ಹಾರಬಾರದು ಅಂತ ಹುಕುಂ ಬಂತು. ರೆಕ್ಕಿ ಗಟ್ಟಿ ಮಾಡಿ ಫೆಬ್ರುವರಿ 19ಕ್ಕ ಮತ್ತ ಬಿಟ್ರು. ಆ ನಡುವ ರಿಚ್ತೋಫೆನ್ ಸ್ವಲ್ಪ ದಿನ ಹಳೀ ಹಾಲ್ಬರ್‌ಸ್ಟಾಟ್ ಹಾರಿಸಿದ್ರು, ವಿಜಯಪುರದ ಸರ್ರು ಮೊದಲ ಹೇಳಿದ ಆ ಕಡ್ಡಿ ಕಡ್ಡಿ ವಿಮಾನ. ಏಪ್ರಿಲ್ ಬಂತು, ಅರಾಸ್ ಯುದ್ಧ ನಡೀತು, ಆ ಒಂದ ತಿಂಗಳದಾಗ ಬ್ರಿಟಿಷರು ಸುಮಾರು 245 ವಿಮಾನ ಕಳಕೊಂಡ್ರು, ರಿಚ್ತೋಫೆನ್ ಒಬ್ಬರ 21 ಕೆಡವಿದ್ರು. ಅಷ್ಟು ಗೆದ್ದ ವಿಮಾನದ ರೆಕ್ಕಿ ಆವಾಗೂ ಪೂರಾ ಸರಿ ಆಗಿರಲಿಲ್ಲ. ಮುಂದ ಡಿ-5 ರಾಗೂ ಅದೇ ತೊಂದರಿ, ಡಿ-5ಎ ದಾಗ ವಿ ಕಂಬದ ಬುಡದಿಂದ ರೆಕ್ಕಿ ಮುಂದಿನ ಅಂಚಿಗೆ ಸಣ್ಣದೊಂದು ಆಸರಿ ಕಡ್ಡಿ ಕೊಟ್ರು. ಖರೆ ಗಟ್ಟಿ ಮಾಡಿದ್ದು ಆಸ್ಟ್ರಿಯಾದ ಓಫಾಗ್ ಕಂಪನಿಯವರು. ಡಿಸೈನ್ ಪರವಾನಗಿ ತಗೊಂಡು ಸ್ಪಾರ್ ಮತ್ತ ಒಳಗಿನ ಪಕ್ಕೆಲಬು ದಪ್ಪ ಮಾಡಿದ್ರು, 185 ರಿಂದ 225 ಎಚ್‌ಪಿ ತನಕದ ಆಸ್ಟ್ರೋ ಡೈಮ್ಲರ್ ಇಂಜಿನ್ ಹಾಕಿದ್ರು, ಅವರ ಡಿ-3 ಮ್ಯಾಲ ಪೈಲಟ್‌ಗಳಿಗೆ ಭಾಳ ನಂಬಿಗಿ ಇತ್ತು, ಯುದ್ಧ ಮುಗದ ಮ್ಯಾಲೂ ಪೋಲಂಡ್‌ದವರು ಹಾರಿಸಿದ್ರು. ಒಬ್ಬರು ದಪ್ಪ ಮಾಡಾಕ ಆಗ್ತಿತ್ತಂದ್ರ ಇನ್ನೊಬ್ಬರು ಯಾಕ ಮಾಡಲಿಲ್ಲ ಅಂತ ನನಗ ಸಿಟ್ಟ ಬರ್ತೈತಿ, ಒಳಗ ಕುಂತಾವ್ರು ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗರು.

ಕ್ಯಾಂಪ್_ನಿವೃತ್ತ (ಬೆಳಗಾವಿ):

ನಾನು ಸೈನ್ಯದಾಗಿದ್ದಾಂವ, ನಮ್ಮವರ ಮಾತು ಬರಲಿಲ್ಲ ಅಂತ ಎರಡು ಸಾಲು ಬರೀತೀನಿ. ಆ ಆಕಾಶದಾಗ ಬ್ರಿಟಿಷರ ಕಡೆಯಿಂದ ಭಾರತದ ಹುಡುಗರೂ ಇದ್ರು. ಹರ್ದಿತ್ ಸಿಂಗ್ ಮಲಿಕ್ ಅವರು ಸಾಪ್ವಿತ್ ಕ್ಯಾಮಲ್ ಅನ್ನೂ ಬ್ರಿಟಿಷ್ ಫೈಟರ್ ಹಾರಿಸ್ತಿದ್ರು, 1917 ಅಕ್ಟೋಬರ್‌ದಾಗ ಕಾಲಿಗೆ ಗುಂಡು ಬಿದ್ರೂ ಬದಕಿ ಬಂದ್ರು, ಮುಂದ ಸ್ವತಂತ್ರ ಭಾರತದ ರಾಯಭಾರಿ ಆದ್ರು. ಕಲ್ಕತ್ತಾದ ಇಂದ್ರಲಾಲ್ ರಾಯ್ 1918 ಜುಲೈದಾಗ ಎರಡು ವಾರದೊಳಗ 10 ಗೆಲುವು ಮಾಡಿ ಜುಲೈ 22ಕ್ಕ ವೀರಮರಣ ಹೊಂದಿದ್ರು, 19 ವರ್ಷ. ಅವರ ಎದುರಿಗೆ ಬಂದದ್ದು ಫಾಕರ್ ಡಿ-7, ಆಲ್ಬಟ್ರಾಸ್ ಜಾಗಾಕ್ಕ ಬಂದ ವಿಮಾನ. ಹಂಗ ನೋಡಿದ್ರ 1917 ನವೆಂಬರ್‌ದಾಗ ಪಶ್ಚಿಮ ರಣರಂಗದಾಗ, ಅಂದ್ರ ಫ್ರಾನ್ಸ್ ಬೆಲ್ಜಿಯಂ ಕಡೆ, 446 ಡಿ-3 ಇದ್ವು, ಮುಂದಿನ ವರ್ಷ ಡಿ-7 ಬಂದು ಒಂದೊಂದಾಗಿ ಹಿಂದ ಸರಸಿತು.

ಇನ್ನು ನಮ್ಮ ಬೆಳಗಾವಿ ಮರಾಠಾ ರೆಜಿಮೆಂಟಿನ ಹಳೀ ಪಲ್ಟಣಗಳು ಅದೇ 1916 ರಾಗ ಮೆಸಪೊಟೇಮಿಯಾದ (ಈಗಿನ ಇರಾಕ್) ಕುತ್ ಊರೊಳಗ ಮುತ್ತಿಗ್ಯಾಗ ಸಿಕ್ಕು ಉಪವಾಸ ಕುಂತಿದ್ರು. ಏಪ್ರಿಲ್‌ದಾಗ ಅವರಿಗೆ ವಿಮಾನದಿಂದ ಹಿಟ್ಟಿನ ಚೀಲ ಒಗದ್ರು, ಸಾಕಾಗಲಿಲ್ಲ, ತಿಂಗಳ ಕಡೀಕ ಶರಣಾದ್ರು. ಹುಡುಗಗ ಹೇಳ್ರಿ, ಆಲ್ಬಟ್ರಾಸ್ ಇನ್ನೂ ಕಾಗದದ ಮ್ಯಾಲ ಇದ್ದಾಗ ನಮ್ಮ ಕಡೆ ಸಿಪಾಯಿಗಳು ವಿಮಾನ ಅಂದ್ರ ಅನ್ನ ತರೂ ವಸ್ತು ಅಂತ ಆಕಾಶ ನೋಡ್ತಿದ್ರು.

ಸಾಂಬ್ರಾ_ಹಾದಿ:

ಎಲ್ಲಾರಿಗೂ ಕೈ ಮುಗೀತೀನ್ರಿ, ಇಷ್ಟು ಸಿಗತೈತಿ ಅನ್ಕೊಂಡಿರಲಿಲ್ಲ. ಅಕ್ಕಾರ, ಸ್ಕೇಲ್ ಹಿಡಕೊಂಡು ಬೈಕ್ ಮ್ಯಾಲ ಒಂದು ರೌಂಡ್ ಹೋಗಿ ಬಂದ್ವಿ, ಖರೇನ ಪಟಪಟ ಅಂತು. ಡಿ-2 ಮಾಡೂಣು ಅಂದೆ, ಆದ್ರ ಹುಡುಗ ಮೈಯ ಎರಡೂ ಬದಿಗೆ ಕಿವಿ ಇದ್ದಂಗ ಡಬ್ಬಿ ಇರೂ ಫೋಟೋ ತೋರಿಸಿ ಇದ ಬೇಕು ಅಂತಾನ. ಆ ಕಿವಿ ಏನ್ರಿ? ಅಳತಿ ಯಾವುದು ಹಿಡೀಲಿ?

ಟಿಳಕವಾಡಿ_ಅಕ್ಕ:

ಅದು ರೇಡಿಯೇಟರ್, ಇಂಜಿನ್ನಿನ ನೀರು ತಂಪು ಮಾಡೂ ಡಬ್ಬಿ. ಹಂಗಾದ್ರ ನಿಮ್ಮ ಹುಡುಗಗ ಬೇಕಾದ್ದು ಡಿ-1, ಅದನ್ನ ಮಾಡ್ರಿ, ಮ್ಯಾಲಿನ ರೆಕ್ಕಿ ಎತ್ತರಕ್ಕ ಇಡ್ರಿ. ನಿಜವಾದ್ದರ ರೆಕ್ಕಿ ಉದ್ದ 8.5 ಮೀಟರ್, ಮೈ 7.4 ಮೀಟರ್. ಇಪ್ಪತ್ತನೇ ಒಂದು ಪಾಲು ಹಿಡದ್ರ ರೆಕ್ಕಿ 42.5 ಸೆಂಟಿಮೀಟರ್, ಮೈ 37, ಟೇಬಲ್ ಮ್ಯಾಲ ಸರಿಯಾಗಿ ಕುಂದ್ರತೈತಿ.

ಕಿವಿ ಯಾಕ ತಗದ್ರು ಅಂತ ಮೇಷ್ಟ್ರು ಕೇಳಿದ್ರ ಉತ್ತರ ಇದು: ಆ ಡಬ್ಬಿ ಇಂಜಿನ್ನಿನ ನೀರಿನ ಮಟ್ಟಕ್ಕಿಂತ ಕೆಳಗ ಇದ್ವು, ಒಂದು ಗುಂಡು ಬಿತ್ತಂದ್ರ ನೀರೆಲ್ಲಾ ಸೋರಿ ಇಂಜಿನ್ ಸುಡೂದು. ಹಂಗಾಗಿ ಡಿ-2 ರಾಗ ಮ್ಯಾಲಿನ ರೆಕ್ಕಿ ಒಳಗ ಇಟ್ರು. ಡಿ-3 ರಾಗ ಅದು ರೆಕ್ಕಿ ನಡುವ, ಪೈಲಟ್ ನೆತ್ತಿ ಮುಂದ ಇತ್ತು, ಅಲ್ಲಿ ಗುಂಡು ಬಿದ್ರ ಕುದಿಯೂ ನೀರು ಗಾಳಿ ಕೂಡ ಸೀದಾ ಪೈಲಟ್ ಮುಖಕ್ಕ. ಆಮ್ಯಾಲಿನ ಡಿ-3 ಗಳಾಗ ಬಲಕ್ಕ ಸರಸಿದ್ರು.

ಬಡಗಿ_ಮನಿ:

ತಮ್ಮಾ, ಕಿವಿಗೆ ಪ್ಲೈ ಬ್ಯಾಡ, ಸಾಗವಾನಿ ಚೂರು ಕೊರದು ಹಚ್ಚು, ಮುಂದಿನ ಮುಖಕ್ಕ ಸಣ್ಣ ಜಾಳಿಗಿ ಅಂಟಸು. ಮೊದಲು ಮೈಗೆ ಪಾಲಿಶ್ ಹೊಡಿಯಬ್ಯಾಡ, ಪಾಲಿಶ್ ಮ್ಯಾಲ ಫೆವಿಕಾಲ್ ಹಿಡಿಯೂದಿಲ್ಲ. ಕಿವಿ ಹಚ್ಚಿ ಒಂದು ರಾತ್ರಿ ದಾರ ಸುತ್ತಿ ಬಿಟ್ಟು, ಮುಂಜಾನೆ ಪಾಲಿಶ್ ಹೊಡಿ.